ನದಿಗೆ ಸೋಪು ಹಾಕಿದವಳು

ಹೆತ್ತವರು ಅವಳಿಗೆ ಒಂದು ಒಳ್ಳೆಯ ಹೆಸರಿಟ್ಟಿದ್ದರು. ಮದುವೆಯಾದ ಹೊಸದರಲ್ಲಿ ಗಂಡ ಆ ಹೆಸರು ಹಿಡಿದು ಒಂದೆರಡು ಸಲ ಕರೆದ, ಕರೆದು ತಾನೇ ನಾಚಿಕೊಂಡ, ಆಮೇಲೆ ಕೈಬಿಟ್ಟ. ಅಷ್ಟರಲ್ಲಿ ಹಡಗುಕಟ್ಟೆಯ ಜನವೆಲ್ಲ ಸೇರಿ ಅವಳನ್ನು ನೊರೆಯಮ್ಮ ಮಾಡಿಬಿಟ್ಟಿದ್ದರು. ಬೆಳಗಿನಿಂದ ಸಂಜೆಯವರೆಗೆ ಮೊಣಕೈ ತನಕ ಸೋಪಿನ ನೊರೆ ಮೆತ್ತಿಕೊಂಡು, ಮೂಗು ತುರಿಸಿದರೆ ಭುಜಕ್ಕೆ ಉಜ್ಜಿಕೊಳ್ಳುವ ಹೆಂಗಸನ್ನು ಇನ್ನೇನೆಂದು ಕರೆಯುವುದು? ಅವಳಿಗೂ ಬೇಜಾರಿರಲಿಲ್ಲ. ಯಾರಾದರೂ ಹಳೆಯ ಹೆಸರು ಹಿಡಿದು ಕೂಗಿದರೆ ಅವಳೇ ಹಿಂದೆ ತಿರುಗಿ, ಯಾರನ್ನಪ್ಪಾ ಕರೆಯುತ್ತಿದ್ದಾರೆ ಎಂದು ನೋಡುತ್ತಿದ್ದಳು.

ಈಗ ಆ ಜಾಗಕ್ಕೆ ಹೋದರೆ ಕಲ್ಲು ಹಾಸಿದ ಕಾಲುದಾರಿ ಇದೆ, ಕೂತರೆ ಬೆನ್ನು ನೋಯುವ ಬೆಂಚುಗಳಿವೆ, ನೀರಿಗೆ ಇಳಿಯಬಾರದು ಎನ್ನುವ ಬೋರ್ಡಿದೆ. ಚೆನ್ನಾಗಿದೆ ಎನ್ನುವವರು ಎನ್ನಲಿ. ಆಗ ಅಲ್ಲಿ ನದಿಯ ಹಡಗುಕಟ್ಟೆ ಇತ್ತು. ಕ್ರೇನುಗಳ ಕಿರುಗುಟ್ಟುವಿಕೆ, ಹಗ್ಗ ಎಳೆಯುವವರ ಬೈಗುಳ, ಹಡಗು ಬಂದಾಗ ಕಿವಿ ಗಡಚಿಕ್ಕುವ ಕೂಗು, ಇವೆಲ್ಲ ಇಲ್ಲದೆ ಆ ಬೀದಿಯ ಮಕ್ಕಳಿಗೆ ನಿದ್ದೆಯೇ ಬರುತ್ತಿರಲಿಲ್ಲ. ಕಟ್ಟೆಯ ಪಕ್ಕದಲ್ಲಿ ನದಿ ಸ್ವಲ್ಪ ಒಳಗೆ ಚಾಚಿಕೊಂಡು ಒಂದು ಪುಟ್ಟ ಕೊಲ್ಲಿ ಮಾಡಿತ್ತು. ಪುಟ್ಟದೆಂದರೆ ಎಷ್ಟು ಪುಟ್ಟದು? ಈ ದಡದಲ್ಲಿ ನಿಂತು ಗಂಟಲು ಸ್ವಲ್ಪ ಏರಿಸಿದರೆ ಆ ದಡಕ್ಕೆ ಮಾತು ಮುಟ್ಟುತ್ತಿತ್ತು, ಅಷ್ಟು. ಈ ದಡದಲ್ಲಿ ಹಡಗುಗಳ ಬಟ್ಟೆ ಒಗೆಯುವ ಲಾಂಡ್ರಿ. ಆ ದಡದಲ್ಲಿ ನೊರೆಯಮ್ಮನ ಓರಗಿತ್ತಿಯ ಮನೆ; ಮನೆಯ ಮುಂದೆ ನೀರಿಗೆ ಇಳಿಜಾರಾಗಿ ಹಲಗೆ ಹೊಡೆದ ಬಾತುಕೋಳಿಗಳ ಗೂಡು.

ಲಾಂಡ್ರಿಯೆಂದರೆ ಗಾಜಿನ ಬಾಗಿಲು, ಬಿಲ್ಲು, ಹ್ಯಾಂಗರು ಎಂದುಕೊಳ್ಳಬೇಡಿ. ಇಟ್ಟಿಗೆಯ ದೊಡ್ಡ ಒಲೆಗಳ ಮೇಲೆ ತಾಮ್ರದ ಹಂಡೆಗಳು, ಪೀಪಾಯಿಯಲ್ಲಿ ಗಂಜಿಯ ಹದಕ್ಕೆ ಕುದಿಸಿಟ್ಟ ಮೆದು ಸೋಪು, ನದಿಗಿಳಿಯುವ ಕಲ್ಲಿನ ಮೆಟ್ಟಿಲುಗಳ ಮೇಲೆ ಜಾಲಿಸುವ ಹೆಂಗಸರು. ಹಿಂದೆ ಒಣಗಿಸುವ ಕೋಣೆ. ಅದರ ಗೋಡೆಯೊಳಗೇ ಒಲೆಯ ಹೊಗೆ ಹಾಯುತ್ತಿದ್ದುದರಿಂದ ಎಂಥ ಚಳಿಯಲ್ಲೂ ಅಲ್ಲಿ ಬೆಚ್ಚಗಿರುತ್ತಿತ್ತು. ಒಂದೊಂದು ಹಡಗಿನ ಹಾಸಿಗೆ ಬಟ್ಟೆಗೆ ಒಂದೊಂದು ವಾಸನೆ. ಒಂದಕ್ಕೆ ಹೊಗೆಸೊಪ್ಪು, ಒಂದಕ್ಕೆ ಬಣ್ಣ, ಇನ್ನೊಂದಕ್ಕೆ ಮನೆ ನೆನೆದು ಅತ್ತ ಕಣ್ಣೀರು ಎಂದು ಹೆಂಗಸರು ತಮಾಷೆ ಮಾಡುತ್ತಿದ್ದರು. ಗಂಟು ಬಿಚ್ಚುವ ಮೊದಲೇ ಮೂಗಿನಿಂದ ಹಡಗಿನ ಹೆಸರು ಹೇಳುವ ಪಂದ್ಯ ನಡೆಯುತ್ತಿತ್ತು. ನೊರೆಯಮ್ಮ ಅದರಲ್ಲಿ ಯಾವಾಗಲೂ ಸೋಲುತ್ತಿದ್ದಳು, ಅವಳಿಗೆ ಸದಾ ನೆಗಡಿ.

ಓರಗಿತ್ತಿಯರೆಂದರೆ ಎಣ್ಣೆ ಸೀಗೆಕಾಯಿ ಎಂದು ಲೋಕ ತೀರ್ಮಾನ ಮಾಡಿಟ್ಟಿದೆ. ಇವರಿಬ್ಬರು ಮಾತ್ರ ಲೋಕದ ಮಾತಿಗೆ ಸೊಪ್ಪು ಹಾಕಲಿಲ್ಲ. ಹೊಸ ಸೊಸೆಯಾಗಿ ಬಂದ ನೊರೆಯಮ್ಮನಿಗೆ ಆ ಮನೆಯಲ್ಲಿ ಮೊದಲು ಊಟ ಹಾಕಿದವಳು, ಮೊದಲು ಬೈದವಳು, ಮೊದಲು ನಗಿಸಿದವಳು ಅಕ್ಕನೇ. ಗಂಡನ ಅಣ್ಣನ ಹೆಂಡತಿಯನ್ನು ಅವಳು ಬಾಯ್ತುಂಬ ಅಕ್ಕ ಎನ್ನುತ್ತಿದ್ದಳು. ಲಾಂಡ್ರಿಗೆ ಕರೆದುಕೊಂಡು ಹೋಗಿ ಕೆಲಸ ಕಲಿಸಿದವಳೂ ಅವಳೇ. "ಎಣ್ಣೆ ಕಲೆ ಕಂಡ್ರೆ ಯೋಚನೆ ಮಾಡ್ತಾ ನಿಲ್ಬೇಡ. ಮೊದಲು ಸೋಪು ಹಾಕು, ಯೋಚನೆ ಆಮೇಲೆ ಮಾಡು" ಎನ್ನುವುದು ಅಕ್ಕನ ಮೊದಲ ಪಾಠ. ಕೆಲವು ವರ್ಷಗಳಲ್ಲಿ ಸೋಪಿನ ಖಾರಕ್ಕೆ ಅಕ್ಕನ ಕೈಗಳು ಒಡೆದು ಸೀಳಿದವು. ಅವಳ ಗಂಡನೂ ಅದೇ ಸುಮಾರಿಗೆ ತೀರಿಕೊಂಡ. ಅಕ್ಕ ಲಾಂಡ್ರಿ ಬಿಟ್ಟು ಬಾತುಕೋಳಿ ಸಾಕಿದಳು. ಹಡಗಿನ ಅಡುಗೆಯವರು ಬುಟ್ಟಿ ಹಿಡಿದುಕೊಂಡು ಅವಳ ಬಾಗಿಲಿಗೇ ಮೊಟ್ಟೆಗೆ ಬರುತ್ತಿದ್ದರು. ಮಕ್ಕಳಿಲ್ಲದ ಅವಳು ಒಂದೊಂದು ಬಾತಿಗೂ ಹೆಸರಿಟ್ಟು, ಹಟ ಮಾಡಿದರೆ ಗದರಿಸಿ, ಸಂಜೆ ಒಂದು ಕಡಿಮೆಯಾದರೂ ದಡದುದ್ದಕ್ಕೂ ಕೂಗುತ್ತಾ ಅಲೆಯುತ್ತಿದ್ದಳು.

ಬೆಳಗಾದರೆ ಇಬ್ಬರೂ ನೀರಿನ ಆಚೆ ಈಚೆ ನಿಂತು ಮಾತಿಗೆ ತೊಡಗುತ್ತಿದ್ದರು. ಅಡುಗೆಗೆ ಉಪ್ಪು ಹೆಚ್ಚಾದದ್ದು, ಸೊಂಟ ಹಿಡಿದದ್ದು, ನೊರೆಯಮ್ಮನ ಗಂಡ ರಾತ್ರಿಯೆಲ್ಲ ಗೊರಕೆ ಹೊಡೆದದ್ದು, ಎಲ್ಲವೂ ನೀರಿನ ಮೇಲೆ ತೇಲಿಕೊಂಡು ಹೋಗಿ ಇಡೀ ಹಡಗುಕಟ್ಟೆಗೆ ಗೊತ್ತಾಗುತ್ತಿತ್ತು. ಗಂಡ ಪಾಪ ಕ್ರೇನ್ ನಡೆಸುವವನು. ಮೇಲೆ ಹತ್ತಿ ಕೂರುವ ಹೊತ್ತಿಗೆ ಕೆಳಗಿನವರು, "ಏನಪ್ಪಾ, ನಿನ್ನೆ ಮೂಗಲ್ಲೇ ಕ್ರೇನ್ ಓಡಿಸಿದ್ಯಂತೆ?" ಎಂದು ಕೇಳುತ್ತಿದ್ದರು.

ಆ ದಿನವೂ ಹಾಗೇ ಶುರುವಾಯಿತು. ಡೀಸೆಲ್ ತುಂಬಿಕೊಂಡು ಬಂದಿದ್ದ ಟ್ಯಾಂಕರ್ ಹಡಗೊಂದು ಕಟ್ಟೆಗೆ ತಾಗಿ ನಿಂತು, ದಪ್ಪ ಕೊಳವೆಯಿಂದ ದಡದ ಟ್ಯಾಂಕಿಗೆ ಎಣ್ಣೆ ಇಳಿಸುತ್ತಿತ್ತು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯಬೇಕಾದವರು ಏನು ಮಾಡುತ್ತಿದ್ದರೋ ದೇವರಿಗೇ ಗೊತ್ತು. ಕೊಳವೆಯ ಜೋಡಣೆ ಕಿತ್ತುಕೊಂಡಿತು. ಅದನ್ನು ಯಾರೋ ನೋಡಿ, ಕೂಗಿ, ಪಂಪು ನಿಲ್ಲಿಸುವಷ್ಟರಲ್ಲಿ ಎಣ್ಣೆ ನದಿಗೆ ಸುರಿದು ಹೋಗಿತ್ತು. ಗಂಟೆ ಬಾರಿಸಿದರು. ಕಾವಲುಗಾರ ಓಡಿಬಂದು, "ಒಲೆ ಆರಿಸಿ! ಬೆಂಕಿ ಹೊತ್ಕೊಂಡ್ರೆ ಯಾರೂ ಉಳಿಯಲ್ಲ!" ಎಂದು ಅರಚಿದ. ಹೆಂಗಸರು ಕೈಗೆ ಸಿಕ್ಕಿದ ನೀರೆಲ್ಲ ಒಲೆಗಳಿಗೆ ಎರಚಿದರು. ಲಾಂಡ್ರಿಯ ತುಂಬ ಹೊಗೆ ಮತ್ತು ಬೂದಿ. ಹೊರಗೆ ಬಂದು ನೋಡಿದರೆ ನದಿ ಬಣ್ಣ ಬಣ್ಣವಾಗಿ ಹೊಳೆಯುತ್ತಾ ಕೊಲ್ಲಿಯೊಳಗೆ ತಿರುಗುತ್ತಿತ್ತು.

ಮೆಟ್ಟಿಲ ಹತ್ತಿರ ನೀರಿನಲ್ಲಿ ಬಟ್ಟೆಗಳಿದ್ದವು. ಬಿಳಿಯ ಹಾಸುಗಳು, ದಿಂಬಿನ ಚೀಲಗಳು. ಅವು ಆ ಟ್ಯಾಂಕರಿನವೇ. ಎಣ್ಣೆ ಸುಕ್ಕುಸುಕ್ಕಾಗಿ ಅವುಗಳ ಕಡೆಗೇ ಬರುತ್ತಿತ್ತು. ಉಳಿದವರು ತಲೆ ಮೇಲೆ ಕೈಹೊತ್ತು ನಿಂತರು. ನೊರೆಯಮ್ಮ ಯೋಚನೆ ಮಾಡಲಿಲ್ಲ. ಪೀಪಾಯಿಯಿಂದ ಒಂದು ಬಕೆಟ್ ಸೋಪು ತುಂಬಿಕೊಂಡು ನದಿಗೆ ಬೀಸಿ ಚೆಲ್ಲಿದಳು.

ಆಮೇಲೆ ಆದದ್ದನ್ನು ನೋಡಿದವರು ಸಾಯುವ ತನಕ ಹೇಳುತ್ತಿದ್ದರು. ಸೋಪು ಬಿದ್ದ ಜಾಗದಿಂದ ಎಣ್ಣೆ ಹೆದರಿಕೊಂಡಂತೆ ಹಿಂದಕ್ಕೆ ಓಡಿತು. ಮೆಟ್ಟಿಲ ಮುಂದಿನ ನೀರು ಕ್ಷಣದಲ್ಲಿ ತಿಳಿಯಾಯಿತು. ಹೆಂಗಸರು ಕೇಕೆ ಹಾಕಿದರು. "ಹಾಕ್ರೇ, ಹಾಕ್ರೇ!" ಎಂದು ಎಲ್ಲರೂ ಬಕೆಟ್ ಹಿಡಿದರು. ಹಾಕಿದಷ್ಟೂ ಎಣ್ಣೆ ಓಡಿತು. ಒಂದು ಪೀಪಾಯಿ ಬರಿದಾಗಿ ಇನ್ನೊಂದಕ್ಕೆ ಕೈ ಹಾಕಿದರು. ಇಡೀ ನದಿಯನ್ನೇ ಒಗೆದು ಹಿಂಡಿ ಒಣಗಹಾಕುತ್ತೇವೆ ಎನ್ನುವ ಹುಮ್ಮಸ್ಸು. ತೆಳ್ಳಗೆ ಹರಡಿದ ಎಣ್ಣೆ ಸೋಪನ್ನು ಕಂಡರೆ ಕರಗುವುದಿಲ್ಲ, ಜಾಗ ಬಿಟ್ಟು ಓಡುತ್ತದೆ. ಬೋಗುಣಿಯಲ್ಲಾದರೆ ಅಂಚಿಗೆ ಓಡುತ್ತದೆ. ಕೊಲ್ಲಿಯಲ್ಲಿ ಅಂಚೆಂದರೆ ಎದುರು ದಡ.

ಎದುರು ದಡದಲ್ಲಿ ಅಕ್ಕನ ಬಾತುಗಳು ಬೆಳಗಿನ ಸ್ನಾನಕ್ಕೆ ಇಳಿದಿದ್ದವು. ಅಕ್ಕ ಕೂಗಿಕೊಂಡದ್ದು ಮೊದಲು ಯಾರಿಗೂ ಕೇಳಲಿಲ್ಲ, ಈ ಕಡೆ ಅಷ್ಟು ಗದ್ದಲ. ಕೇಳಿದಾಗ ನೊರೆಯಮ್ಮನ ಕೈಯಲ್ಲಿ ತುಂಬಿದ ಬಕೆಟ್ ಇತ್ತು. ಅಕ್ಕ ಸೊಂಟದ ತನಕ ನೀರಿನಲ್ಲಿ ನಿಂತು ಬಾತುಗಳನ್ನು ಒಂದೊಂದಾಗಿ ದಡಕ್ಕೆ ಎಸೆಯುತ್ತಿದ್ದಳು. ಬಿಳಿಯ ಬಾತುಗಳು ಕಂದು ಬಣ್ಣಕ್ಕೆ ತಿರುಗಿದ್ದವು. ರೆಕ್ಕೆ ಬಿಚ್ಚಲಾಗದೆ, ತೇಲಲಾಗದೆ, ಕುತ್ತಿಗೆ ಮಾತ್ರ ಮೇಲೆತ್ತಿ ಬಡಿದುಕೊಳ್ಳುತ್ತಿದ್ದವು.

ಅಕ್ಕ ತಲೆಯೆತ್ತಿ ಈ ದಡವನ್ನು ನೋಡಿದಳು. "ನಿಮ್ಮನೆ ಅಂಗಳ ಗುಡಿಸಿ ಕಸ ನಮ್ಮನೆಗೆ ಹಾಕಿದ್ಯಲ್ಲೇ!" ಎಂದಳು. ಆಮೇಲೆ ಅವಳು ನೊರೆಯಮ್ಮನ ಮುಖ ನೋಡಲಿಲ್ಲ.

ಕೊಲ್ಲಿಯ ತುದಿಯಲ್ಲಿ ನೀರಿನ ಮೇಲೆ ಹಾಸಿದ್ದ ಹಲಗೆಯ ಸಂಕ ದಾಟಿ, ದೊಡ್ಡ ಬುಟ್ಟಿ ಹಿಡಿದುಕೊಂಡು ನೊರೆಯಮ್ಮ ಓಡಿಹೋದಳು. ಅಕ್ಕ ಸೀರೆಯ ಸೆರಗಿನಿಂದ ಒಂದು ಬಾತನ್ನು ಒರೆಸುತ್ತಾ ಹೊಸ್ತಿಲಲ್ಲಿ ಕೂತಿದ್ದಳು. ಒರೆಸಿದಷ್ಟೂ ಎಣ್ಣೆ ಗರಿಗಳ ಒಳಗೇ ಹೋಗುತ್ತಿತ್ತು. "ಅಕ್ಕಾ, ಬೈಯಿ. ಹೊಡಿಯೋದಾದ್ರೆ ಹೊಡಿ. ಆದ್ರೆ ಇವನ್ನ ಕೊಡು. ಕೊಕ್ಕಲ್ಲಿ ಮೈ ಕೆರ್ಕೊಂಡ್ರೆ ಎಣ್ಣೆ ಹೊಟ್ಟೆಗೆ ಹೋಗುತ್ತೆ. ಹಂಡೇಲಿ ಇನ್ನೂ ಬಿಸಿನೀರಿದೆ, ಆರೋದ್ರೊಳಗೆ ತೊಳೀಬೇಕು" ಎಂದು ನೊರೆಯಮ್ಮ ಅಂಗಲಾಚಿದಳು. ಅಕ್ಕ ತಲೆಯೆತ್ತಲಿಲ್ಲ. ಮಡಿಲಲ್ಲಿದ್ದ ಬಾತಿಗೆ ಹೇಳಿದಳು: "ನಿಮ್ಮ ಚಿಕ್ಕಮ್ಮ ಕರೀತಿದಾಳೆ. ಹೋಗು."

ಹಾಗೆ ಶುರುವಾಯಿತು.

ಬಾತನ್ನು ತೊಳೆಯಲು ಎರಡು ಜೊತೆ ಕೈ ಬೇಕು. ಒಬ್ಬರು ರೆಕ್ಕೆ, ಕೊಕ್ಕು ಹಿಡಿದುಕೊಳ್ಳಬೇಕು, ಇನ್ನೊಬ್ಬರು ತೊಳೆಯಬೇಕು. ಬೇರೆ ಯಾರು ಹಿಡಿದರೂ ಅವು ಕಚ್ಚುತ್ತಿದ್ದವು. ಆದ್ದರಿಂದ ಅಕ್ಕ ಬೇಕಾಯಿತು. ಒಂದೇ ತೊಟ್ಟಿಯ ಆಚೆ ಈಚೆ ಇಬ್ಬರೂ ಕೂತರು. ನೊರೆಯಮ್ಮ ಉಣ್ಣೆಯ ಬಟ್ಟೆ ಒಗೆಯುವ ಹಾಗೆ ಬೆಚ್ಚನೆಯ ನೀರಲ್ಲಿ ಅದ್ದಿ, ಹಿಂಡದೆ, ತಿಕ್ಕದೆ, ಗರಿಯ ಜಾಡು ಹಿಡಿದು ಬೆರಳಾಡಿಸಿದಳು. ಅಕ್ಕ ಬಾತಿನ ಕಿವಿಯ ಹತ್ತಿರ ಬಾಗಿ, "ನೀರು ಆರ್ತಾ ಇದೆ ಅಂತ ಚಿಕ್ಕಮ್ಮಂಗೆ ಹೇಳು" ಎನ್ನುತ್ತಿದ್ದಳು. "ಹೊಟ್ಟೆ ಕೆಳಗೆ ಇನ್ನೂ ಹೋಗಿಲ್ಲ ಅಂತ ಹೇಳು." ಒಂದು ಸಲ ಸಿಟ್ಟಿನಿಂದ, "ಕಲಿಸ್ದೋಳು ನಾನೇ ಅಂತ ಊರೆಲ್ಲ ಆಡ್ಕೊಳ್ತಿದೆ. ನಾನು ಬಟ್ಟೆಗೆ ಸೋಪು ಹಾಕು ಅಂದಿದ್ದು, ನದಿಗಲ್ಲ ಅಂತ ಹೇಳು" ಎಂದಳು. ಬಾತು ಒಮ್ಮೆ ಕ್ವಾಕ್ ಎಂದಿತು. ನೊರೆಯಮ್ಮನಿಗೆ ನಗು ಬಂತು, ಅಳುವೂ ಬಂತು. ಎರಡನ್ನೂ ನುಂಗಿಕೊಂಡು ನೀರು ಬದಲಾಯಿಸಿದಳು.

ತೊಳೆದ ಬಾತುಗಳು ಚಳಿಗೆ ನಡುಗುತ್ತಿದ್ದವು. ಒಣಗಿಸುವ ಕೋಣೆಯ ಗೋಡೆಯಲ್ಲಿ ಬೆಳಗಿನ ಕಾವು ಇನ್ನೂ ಇತ್ತು. ಅಲ್ಲಿಗೆ ಒಯ್ದರು. ಮೈ ಕೆರೆದುಕೊಳ್ಳದಂತೆ ಒಂದೊಂದನ್ನೂ ಅಲ್ಲಿ ಮೊದಲೇ ಒಣಗಿದ್ದ ಟ್ಯಾಂಕರಿನ ದಿಂಬಿನ ಚೀಲದೊಳಗೆ ಹಾಕಿ, ಕುತ್ತಿಗೆ ಮಾತ್ರ ಹೊರಗಿಟ್ಟು ಸಡಿಲವಾಗಿ ಕಟ್ಟಿ ಸಾಲಾಗಿ ಕೂರಿಸಿದರು. ಚೀಲದ ಮೇಲೆಲ್ಲ ಹಡಗಿನ ಮುದ್ರೆ. ಮರುದಿನ ಒಲೆ ಹಚ್ಚಲು ಅಪ್ಪಣೆ ಸಿಕ್ಕಿತು, ಲಾಂಡ್ರಿಯ ಯಜಮಾನನೂ ಬಂದ. ಬಾಗಿಲು ತೆರೆದವನು ಅಲ್ಲೇ ನಿಂತುಬಿಟ್ಟ. "ಇದೇನು ಲಾಂಡ್ರಿನೋ ಕೋಳಿಗೂಡೋ?" ಎಂದ. "ಕೋಳಿ ಅಲ್ಲ ಯಜಮಾನ್ರೇ, ಬಾತು" ಎಂದಳು ನೊರೆಯಮ್ಮ. ಅಷ್ಟರಲ್ಲಿ ಟ್ಯಾಂಕರಿನ ಸಾಮಾನು ನೋಡಿಕೊಳ್ಳುವವನು ತನ್ನ ಬಟ್ಟೆ ಕೇಳಿಕೊಂಡು ಬಂದ. ತನ್ನ ಹಡಗಿನ ದಿಂಬುಗಳೆಲ್ಲ ಕೊಕ್ಕು ತೆರೆದು ತನ್ನನ್ನೇ ನೋಡುತ್ತಿರುವುದನ್ನು ಕಂಡ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. "ಇರ್ಲಿ ಬಿಡಿ" ಎಂದು ಹೇಳಿ, ಸದ್ದಾಗದಂತೆ ಬಾಗಿಲು ಮುಂದೆ ಮಾಡಿಕೊಂಡು ಹೋದ. ಆ ಇಡೀ ಗಲಾಟೆಯಲ್ಲಿ ಮನುಷ್ಯರಂತೆ ನಡೆದುಕೊಂಡ ಹಡಗಿನವನು ಅವನೊಬ್ಬನೇ. ಉಳಿದವರು ವಿಷಾದ ಎಂದು ಅಚ್ಚು ಹಾಕಿಸಿ ಗೋಡೆಗೆ ಅಂಟಿಸಿದರು, ಕೊಳವೆ ಸರಿಮಾಡಿಕೊಂಡು ಹೊರಟುಹೋದರು.

ಎಲ್ಲ ಬಾತುಗಳೂ ಉಳಿಯಲಿಲ್ಲ. ಹತ್ತಿರ ಹತ್ತಿರ ಅರ್ಧದಷ್ಟು ಒಂದೊಂದಾಗಿ ಕಣ್ಣು ಮುಚ್ಚಿದವು. ಅಕ್ಕ ಯಾರನ್ನೂ ಹತ್ತಿರ ಸೇರಿಸದೆ ಮನೆಯ ಹಿಂದೆ ತಾನೇ ಗುಂಡಿ ತೋಡಿ ಮಣ್ಣು ಮಾಡಿದಳು. ನೊರೆಯಮ್ಮ ಸಂಕದ ಈಚೆ ನಿಂತು ನೋಡಿದಳು. ಗುದ್ದಲಿ ಹಿಡಿಯಲು ಹೋಗಬೇಕೆಂದು ಜೀವ ಒದ್ದಾಡುತ್ತಿತ್ತು.

ಉಳಿದವು ಬಟ್ಟೆಗಳ ನಡುವೆ ಬೆಳೆದ ಮನೆಮಕ್ಕಳಂತೆ ಲಾಂಡ್ರಿಯಲ್ಲೇ ಕೆಲವು ವಾರ ಇದ್ದವು. ಅವುಗಳಲ್ಲಿ ಒಂದನ್ನು ಎಲ್ಲರೂ ದೊರೆಸಾನಿ ಎನ್ನುತ್ತಿದ್ದರು. ಇಸ್ತ್ರಿ ಮೇಜಿನ ಕೆಳಗೆ ಎದೆಯುಬ್ಬಿಸಿಕೊಂಡು ತಿರುಗಾಡಿ, ಅರಳೆಯಷ್ಟು ಕಸ ಕಂಡರೂ ಹೆಂಗಸರಿಗೆ ಬೈಯುವ ಗತ್ತು ಅದರದು. ಗರಿಗಳಲ್ಲಿ ಮತ್ತೆ ನೀರು ನಿಲ್ಲದೆ ಜಾರುವುದು ಕಂಡ ಮೇಲೆ ಒಂದು ಬಿಸಿಲ ದಿನ ಎಲ್ಲವನ್ನೂ ಮೆಟ್ಟಿಲ ಹತ್ತಿರ ತಂದರು. ಕೊಲ್ಲಿ ಅಷ್ಟು ಹೊತ್ತಿಗೆ ತಿಳಿಯಾಗಿತ್ತು. ಕ್ರೇನುಗಳು ನಿಂತವು, ಲಾಂಡ್ರಿಯ ಹೆಂಗಸರೆಲ್ಲ ಒದ್ದೆ ಕೈಯಲ್ಲೇ ಬಂದರು. ಅಕ್ಕ ಒಂದೊಂದನ್ನೇ ನೀರಿಗೆ ಬಿಟ್ಟಳು. ತೇಲಿದವು. ದೊರೆಸಾನಿ ಒಂದು ಸಲ ಮುಳುಗಿದಳು. ಆಚೆ ಎದ್ದು ಬಾಲ ಅಲ್ಲಾಡಿಸಿದಳು. ಕೂಗು, ಸೀಟಿ, ಚಪ್ಪಾಳೆ.

ಈಗ ಮಾತಾಡುತ್ತಾಳೆ, ಈಗ ತಿರುಗಿ ನನ್ನನ್ನು ನೋಡುತ್ತಾಳೆ ಎಂದು ನೊರೆಯಮ್ಮ ಜೀವ ಹಿಡಿದುಕೊಂಡು ನಿಂತಿದ್ದಳು. ಅಕ್ಕ ನೀರಿನ ಕಡೆ ಬಾಗಿ, "ತೇಲ್ತಾ ಇದೀವಿ ಅಂತ ಚಿಕ್ಕಮ್ಮಂಗೆ ಹೇಳ್ರೋ" ಎಂದಳು. ಸೆರಗಿನಿಂದ ಕಣ್ಣೊರೆಸಿಕೊಂಡು ಸಂಕ ದಾಟಿ ಮನೆಗೆ ಹೋದಳು.

ವರ್ಷಗಳು ಹೋದವು. ಜಗಳವೆಂದು ಹೇಳುವಂತೆಯೂ ಇರಲಿಲ್ಲ. ನೊರೆಯಮ್ಮನಿಗೆ ಜ್ವರ ಬಂದರೆ ಬಾಗಿಲ ಹತ್ತಿರ ಗಂಜಿಯ ಪಾತ್ರೆ ಬರುತ್ತಿತ್ತು, ಅದರ ಹಿಂದೆ ಅಕ್ಕ, ಅಕ್ಕನ ಕಂಕುಳಲ್ಲಿ ಒಂದು ಬಾತು. "ಬಿಸಿ ಇರುವಾಗ್ಲೇ ಕುಡೀಬೇಕಂತೆ ಅಂತ ಹೇಳು." ಅಷ್ಟು ಹೇಳಿ ಹೋಗುತ್ತಿದ್ದಳು. ಬಾತಿಲ್ಲದೆ ಬಂದರೆ ಮಾತಿಲ್ಲ. ಒಮ್ಮೆ ನೊರೆಯಮ್ಮನ ಗಂಡ ಧೈರ್ಯ ಮಾಡಿ, "ಅತ್ತಿಗೆ, ಆಗಿದ್ದು ಆಗ್ಹೋಯ್ತು, ಒಂದು ಮಾತು ಆಡಿಬಿಡಿ" ಎಂದ. "ನಮ್ಮಿಬ್ಬರ ಮಧ್ಯೆ ನೀನ್ಯಾಕಪ್ಪಾ ತಲೆ ಹಾಕ್ತೀಯ? ಹೋಗು, ನಿನ್ನ ಕ್ರೇನ್ ನೋಡ್ಕೋ" ಎಂದು ಅಟ್ಟಿದಳು. ಒಂದೊಂದು ದಿನ ನೊರೆಯಮ್ಮನಿಗೂ ರೇಗುತ್ತಿತ್ತು. ಎಣ್ಣೆ ಚೆಲ್ಲಿದವಳು ನಾನೇ? ಚೆಲ್ಲಿದವರ ಮೇಲೆ ಇಲ್ಲದ ಸಿಟ್ಟು ನನ್ನ ಮೇಲೇಕೆ? ಇನ್ನು ಮೇಲೆ ನಾನೂ ಬಾತಿಗೇ ಉತ್ತರ ಹೇಳುತ್ತೇನೆ ಎಂದು ಹಟ ತೊಡುತ್ತಿದ್ದಳು. ಎದುರಿಗೆ ಬಂದಾಗ "ಆಗ್ಲಿ ಅಕ್ಕಾ" ಎಂದು ನೇರವಾಗಿಯೇ ಹೇಳಿಬಿಡುತ್ತಿದ್ದಳು. ಅಕ್ಕನ ಕಣ್ಣು ಬಾತಿನ ತಲೆಯ ಮೇಲೇ ಇರುತ್ತಿತ್ತು.

ಅವಳಿಗೆ ಬೇಕಿದ್ದದ್ದು ದೊಡ್ಡ ಕ್ಷಮೆಯೇನಲ್ಲ. ಗೊರಕೆಯದೋ ಉಪ್ಪಿನದೋ ಒಂದು ಮಾತು, ತನ್ನ ಮುಖ ನೋಡಿ ಆಡಿದ್ದು, ಅಷ್ಟೇ. ಒಗೆಯುವಾಗ ಕೈ ತಾನಾಗಿ ನಿಲ್ಲುತ್ತಿತ್ತು, ಎದುರು ದಡದ ಕಡೆ ಕಿವಿ ಹೋಗುತ್ತಿತ್ತು. ಅಷ್ಟು ಸದ್ದಿನ ಹಡಗುಕಟ್ಟೆಯಲ್ಲಿ ಅವಳಿಗೆ ಕೇಳುತ್ತಿದ್ದದ್ದು ಆ ಒಂದು ಬಾಯಿಯ ಮೌನ ಮಾತ್ರ.

ಆಮೇಲೆ ಸದ್ದೂ ಕಡಿಮೆಯಾಗುತ್ತಾ ಬಂತು. ನದಿಯ ಬಾಯಲ್ಲಿ ಹೊಸ ಬಂದರು ಎದ್ದಿತು, ದೊಡ್ಡ ಹಡಗುಗಳು ಇಲ್ಲಿಯ ತನಕ ಬರುವುದನ್ನು ಬಿಟ್ಟವು. ಕ್ರೇನುಗಳನ್ನು ಬಿಚ್ಚಿ ಒಯ್ದರು. ಆ ದಿನ ನೊರೆಯಮ್ಮನ ಗಂಡ ಊಟ ಮಾಡಲಿಲ್ಲ. ಲಾಂಡ್ರಿಯ ಹಂಡೆಗಳು ತೂಕಕ್ಕೆ ಮಾರಾಟವಾದವು. ಮೊಟ್ಟೆಗೆ ಬರುವ ಅಡುಗೆಯವರಿಲ್ಲದೆ ಅಕ್ಕ ಹೊಸ ಮರಿಗಳನ್ನು ಮಾಡಿಸಲಿಲ್ಲ. ಇದ್ದ ಬಾತುಗಳು ಮುದಿಯಾದವು, ಒಂದೊಂದಾಗಿ ಹೋದವು. ಕೊನೆಗೆ ದೊರೆಸಾನಿ ಒಬ್ಬಳೇ ಉಳಿದಳು. ಒಂದು ಕಣ್ಣು ಮಂಜಾಗಿತ್ತು, ನಡೆಯಲಾಗುತ್ತಿರಲಿಲ್ಲ, ಗತ್ತು ಮಾತ್ರ ಹಾಗೇ ಇತ್ತು. ಅಕ್ಕ ಅದನ್ನು ಎತ್ತಿಕೊಂಡೇ ತಿರುಗಾಡುತ್ತಿದ್ದಳು. ಆ ಒಂದು ಬಾತಿನ ತಲೆಯ ಮೇಲೆ ಎರಡು ಮನೆಗಳ ಮಾತೆಲ್ಲ ಬಿದ್ದಿತ್ತು.

ಒಂದು ಮಧ್ಯಾಹ್ನ ನೊರೆಯಮ್ಮ ಜಗಲಿಯಲ್ಲಿ ಗಂಡನ ಅಂಗಿಗೆ ಗುಂಡಿ ಹೊಲಿಯುತ್ತಾ ಕೂತಿದ್ದಳು. ಅಕ್ಕ ಮೆಲ್ಲಗೆ ಸಂಕ ದಾಟಿ ಬರುವುದು ಕಂಡಿತು. ತೋಳಿನಲ್ಲಿ ದೊರೆಸಾನಿ. ಬಂದು ಮೆಟ್ಟಿಲ ಕೆಳಗೆ ನಿಂತಳು. ಯಾವಾಗಿನಂತೆ ಬಾತಿನ ಕಡೆ ತಲೆ ಬಗ್ಗಿಸಿ ಬಾಯಿ ತೆರೆದಳು. ಬಾತಿನ ಕುತ್ತಿಗೆ ಅವಳ ತೋಳಿನಿಂದ ಕೆಳಗೆ ಜೋತಾಡುತ್ತಿತ್ತು. ನೊರೆಯಮ್ಮನಿಗೆ ಅರ್ಥವಾಯಿತು. ಎದ್ದು ನಿಂತಳು, ಹೊಲಿಗೆ ಕೆಳಗೆ ಬಿತ್ತು.

ಅಕ್ಕ ಹಾಗೇ ನಿಂತಿದ್ದಳು, ಬಗ್ಗಿಸಿದ ತಲೆಯನ್ನು ಏನು ಮಾಡಬೇಕೆಂದು ತಿಳಿಯದವಳ ಹಾಗೆ.

"ಹೋಗ್ಬಿಟ್ಲು ಕಣೇ" ಎಂದಳು ಕೊನೆಗೆ. "ಇನ್ನು ನಾನೇ ಮಾತಾಡ್ಬೇಕು."

ಇಷ್ಟು ವರ್ಷ ನೊರೆಯಮ್ಮ ಒಗೆಯುತ್ತಾ, ಹಿಂಡುತ್ತಾ, ಒಲೆ ಊದುತ್ತಾ ಮನಸ್ಸಿನೊಳಗೆ ಎಷ್ಟು ಮಾತು ಕಟ್ಟಿಟ್ಟಿದ್ದಳೋ. ಒಂದೂ ನಾಲಿಗೆಗೆ ಬರಲಿಲ್ಲ. "ಮಾತಾಡಕ್ಕಾ" ಎಂದಳು.

"ಮೊದಲು ಸಿಟ್ಟಿತ್ತು. ಅದು ಯಾವತ್ತು ಹೋಯ್ತೋ ನಂಗೇ ಗೊತ್ತಾಗ್ಲಿಲ್ಲ. ಹೋದ್ಮೇಲೆ ಹೇಗೆ ಶುರು ಮಾಡ್ಬೇಕೂಂತ ತಿಳೀಲಿಲ್ಲ. ಇವಳಿದ್ಲಲ್ಲ, ನಡೀತಾ ಹೋಯ್ತು." ಅವಳು ತಲೆಯೆತ್ತಿದಳು. ನೀರಿನಲ್ಲಿ ನಿಂತು ಬೈದ ದಿನದಿಂದ ಮೊದಲ ಸಲ ನೊರೆಯಮ್ಮನ ಮುಖವನ್ನು ನೋಡಿದಳು. ನೋಡುತ್ತಲೇ ನಿಂತಳು. ಸತ್ತ ಬಾತಿನ ಕೆಳಗಿಂದ ಒಂದು ಕೈ ಬಿಡಿಸಿಕೊಂಡು, ಹತ್ತಿರ ಬಂದು ನೊರೆಯಮ್ಮನ ತಲೆ ಮುಟ್ಟಿದಳು.

"ಅಯ್ಯೋ," ಎಂದಳು, "ಇಷ್ಟೊಂದು ನರೆ ಯಾವಾಗ ಬಂತೇ ನಿಂಗೆ?"